ಕಾಮಡೋರ್ 64ನ್ನು ಮನೆಯ ವೈಫೈಗೆ ಸೇರಿಸುವ ಬಗೆ

ನಮ್ಮ ದೊಡ್ಡಪ್ಪ 1987ರಲ್ಲಿ ಜರ್ಮನಿಯಿಂದ ಊರಿಗೆ ಬರುವಾಗ ಅಲ್ಲಿನ ಗೆಳೆಯರೊಬ್ಬರು ಬಳಸಿ ಕೊಟ್ಟ ಕಾಮಡೋರ್ 64 ತಂದಿದ್ದರು. ಕಂದು ಬಣ್ಣದ ದಪ್ಪ ಕೀಬೋರ್ಡು, ಕಂಪ್ಯೂಟರೆಲ್ಲ ಅದರೊಳಗೇ. ಒಂದಷ್ಟು ವರ್ಷ ನಾವು ಮಕ್ಕಳೆಲ್ಲ ಅದರಲ್ಲಿ ಆಡಿದೆವು, ಆಮೇಲೆ ಅದು ಸಾಗರದ ಮನೆಯ ಅಟ್ಟ ಸೇರಿತು. ಹೋದ ವರ್ಷ ಅಟ್ಟ ಖಾಲಿ ಮಾಡುವಾಗ ಹಳೇ ಪಂಚೆಯಲ್ಲಿ ಸುತ್ತಿಟ್ಟ ಗಂಟು ಸಿಕ್ಕಿತು. ಈಗ ಅದು ನಮ್ಮ ಮನೆಯ ವೈಫೈಯಲ್ಲಿದೆ. ನಾನು ನಡೆದ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಗಂಟು ಇದ್ದರೆ ಬಿಚ್ಚಿ.

1982ರಲ್ಲಿ ಮಾರುಕಟ್ಟೆಗೆ ಬಂದ ಯಂತ್ರ ಇದು. ಮೆಮೊರಿ 64 ಕಿಲೋಬೈಟ್, ಪ್ರೊಸೆಸರಿನ ವೇಗ ಹೆಚ್ಚುಕಡಿಮೆ 1 ಮೆಗಾಹರ್ಟ್ಸ್. ನಿಮ್ಮ ಮನೆಯ ರೂಟರಿನಲ್ಲೇ ಇದರ ಸಾವಿರ ಪಟ್ಟು ಮೆಮೊರಿ ಇರುತ್ತದೆ. ಇಂಥದ್ದು ಇಂಟರ್ನೆಟ್ಟಿಗೆ ಹೋಗುವುದು ಹೇಗೆ ಎಂದರೆ, ಫೋನ್ ಲೈನಿನ ಮೂಲಕ ಬೇರೆ ಕಂಪ್ಯೂಟರಿನ ಜತೆ ಮಾತಾಡುವುದು ಇದಕ್ಕೆ ಮೊದಲಿನಿಂದಲೂ ಗೊತ್ತು. ಆ ಕಾಲದಲ್ಲೇ ಇದಕ್ಕೆ 300 ಬಾಡ್, ಅಂದರೆ ಸೆಕೆಂಡಿಗೆ 300 ಬಿಟ್ ಕಳಿಸುವ ಮೋಡೆಮ್ ಸಿಗುತ್ತಿತ್ತು. 1985ರಲ್ಲಿ ಅಮೆರಿಕದಲ್ಲಿ ಕಾಮಡೋರ್ ಬಳಸುವವರಿಗೆಂದೇ ಕ್ವಾಂಟಮ್ ಲಿಂಕ್ ಎಂಬ ಆನ್‌ಲೈನ್ ಸೇವೆ ಶುರುವಾಯಿತು. ಮುಂದೆ ಅಮೆರಿಕ ಆನ್‌ಲೈನ್ ಆದದ್ದು ಅದೇ ಕಂಪನಿ. ಹಾಗಾಗಿ ನಾವು ಯಂತ್ರಕ್ಕೆ ಹೊಸ ವಿದ್ಯೆ ಕಲಿಸಬೇಕಾಗಿಲ್ಲ. ಮೋಡೆಮ್ಮಿನ ಜಾಗದಲ್ಲಿ ಇಎಸ್‌ಪಿ8266 ಎಂಬ ಪುಟ್ಟ ವೈಫೈ ಚಿಪ್ ಇರುವ ಬೋರ್ಡೊಂದನ್ನು ಸಿಕ್ಕಿಸಿದರೆ ಸಾಕು. ಅದು ಈ ಕಡೆ ಹಳೇ ಮೋಡೆಮ್ಮಿನಂತೆ ಉತ್ತರ ಕೊಡುತ್ತದೆ, ಆ ಕಡೆ ರೂಟರಿನ ಜತೆ ಮಾತಾಡುತ್ತದೆ. ತಾನು ಫೋನ್ ಡಯಲ್ ಮಾಡುತ್ತಿದ್ದೇನೆ ಎಂದೇ ಕಾಮಡೋರ್ ತಿಳಿದಿರುತ್ತದೆ.

ಬೇಕಾದದ್ದು ಇಷ್ಟು: ಕೆಲಸ ಮಾಡುವ ಕಾಮಡೋರ್, ನಂಬಿಕಸ್ಥ ಪವರ್ ಸಪ್ಲೈ, ಎವಿ ಇನ್‌ಪುಟ್ ಇರುವ ಟಿವಿ, ಯೂಸರ್ ಪೋರ್ಟಿಗೆ ಕೂರುವ ವೈಫೈ ಮೋಡೆಮ್, ಒಂದು ಮಲ್ಟಿಮೀಟರ್. ರಾಸ್ಪ್‌ಬೆರ‍್ರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಕರೆಂಟು

ಗಂಟು ಬಿಚ್ಚಿದ ಉತ್ಸಾಹದಲ್ಲಿ ಪ್ಲಗ್ಗಿಗೆ ಹಾಕಿಬಿಡಬೇಡಿ. ಈ ಒಂದು ಮಾತನ್ನು ದಯವಿಟ್ಟು ನಡೆಸಿಕೊಡಿ.

ಕಾಮಡೋರ್ 64ರ ಹಳೇ ಪವರ್ ಸಪ್ಲೈ ಒಳಗೆಲ್ಲ ರಾಳ ತುಂಬಿ ಮುಚ್ಚಿದ ಇಟ್ಟಿಗೆಯಂಥ ಡಬ್ಬ. ಅದರಿಂದ ಎರಡು ಬಗೆಯ ಕರೆಂಟು ಬರುತ್ತದೆ: 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ. ವಯಸ್ಸಾದಂತೆ ಒಳಗಿನ ರೆಗ್ಯುಲೇಟರ್ ಕೈಕೊಡುತ್ತದೆ. ಕೈಕೊಟ್ಟಾಗ 5 ವೋಲ್ಟ್ ನಿಂತುಹೋಗುವುದರ ಬದಲು ಮೇಲಕ್ಕೇರುತ್ತದೆ. ಹಾಗಾದರೆ ಮೊದಲು ಸಾಯುವುದು ಮೆಮೊರಿ ಚಿಪ್ಪುಗಳು, ಮತ್ತು ಅದು ಕ್ಷಣಮಾತ್ರದ ಕೆಲಸ.

ಕಂಪ್ಯೂಟರಿಗೆ ಸಿಕ್ಕಿಸದೆ, ಪವರ್ ಸಪ್ಲೈಯನ್ನಷ್ಟೇ ಹಾಕಿ ಅಳೆಯಿರಿ. ದುಂಡಗಿನ ಏಳು ಪಿನ್ನಿನ ಪ್ಲಗ್ಗಿನಲ್ಲಿ 5ನೇ ಪಿನ್ 5 ವೋಲ್ಟ್, 2ನೆಯದು ಗ್ರೌಂಡ್, 6 ಮತ್ತು 7ರ ನಡುವೆ 9 ವೋಲ್ಟ್ ಎಸಿ. 5 ವೋಲ್ಟಿನ ಜಾಗದಲ್ಲಿ 5.2 ದಾಟಿದರೆ ಆ ಡಬ್ಬ ಇನ್ನು ಬೇಡ. ಸರಿಯಾಗಿ ತೋರಿಸಿದರೂ ಪೂರ್ತಿ ನಂಬುವ ಹಾಗಿಲ್ಲ, ಯಾಕೆಂದರೆ ಬಿಸಿಯಾದ ಮೇಲೆ ಕೆಡುವುದೂ ಉಂಟು. ನನ್ನ ಅಭಿಪ್ರಾಯ ಕೇಳಿದರೆ, ಹಳೆಯದನ್ನು ನೆನಪಿಗೆ ಎತ್ತಿಟ್ಟು, ಈ ಯಂತ್ರಕ್ಕೆಂದೇ ಈಗ ತಯಾರಿಸುವ ಹೊಸ ಪವರ್ ಸಪ್ಲೈ ತರಿಸಿಕೊಳ್ಳಿ. ಈ ಇಡೀ ಕೆಲಸದಲ್ಲಿ ದುಡ್ಡು ಉಳಿಸಬಾರದ ಜಾಗ ಇದೊಂದೇ.

ಅಮೆರಿಕದಿಂದ ಬಂದ ಯಂತ್ರವಾದರೆ ಇನ್ನೊಂದು ಅಪಾಯ. ಅಲ್ಲಿನ ಡಬ್ಬ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ಹಾಕಿದರೆ ಅದು ಸುಟ್ಟುಹೋಗುತ್ತದೆ. ಅಲ್ಲಿನ ಯಂತ್ರದ ಚಿತ್ರವೂ ಎನ್‌ಟಿಎಸ್‌ಸಿ, ನಮ್ಮ ಟಿವಿಗಳ ಪದ್ಧತಿ ಪಾಲ್. ಇತ್ತೀಚಿನ ಹೆಚ್ಚಿನ ಟಿವಿಗಳು ಎರಡನ್ನೂ ತೋರಿಸುತ್ತವೆ. ಬಣ್ಣ ಬರದಿದ್ದರೆ ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಬದಲಿಸಿ ನೋಡಿ.

ನೀಲಿ ಪರದೆಯ ಮೇಲೆ ರೆಡಿ ಎಂದು ಬಂದು ಕರ್ಸರ್ ಮಿಟುಕಿಸಿತೋ, ಹದಿನೈದು ನಿಮಿಷ ಹಾಗೇ ಬಿಟ್ಟು ನೋಡಿ. ಪರದೆ ಕದಲದಿದ್ದರೆ ಮುಂದೆ ಹೋಗೋಣ.

ಯೂಸರ್ ಪೋರ್ಟ್

ಯಂತ್ರದ ಹಿಂಬದಿಗೆ ಬಂದು ನಿಂತರೆ ಬಲತುದಿಯಲ್ಲಿ ಕಾಣುವ ಅಗಲವಾದ ಸೀಳೇ ಯೂಸರ್ ಪೋರ್ಟ್. ಪ್ರತ್ಯೇಕ ಸಾಕೆಟ್ ಏನಿಲ್ಲ, ಮದರ್‌ಬೋರ್ಡಿನ ಅಂಚೇ ಹೊರಗೆ ಚಾಚಿಕೊಂಡಿರುತ್ತದೆ. ಮೇಲೆ ಹನ್ನೆರಡು, ಕೆಳಗೆ ಹನ್ನೆರಡು ಲೋಹದ ಪಟ್ಟಿಗಳು. ನಮ್ಮದು ಮಲೆನಾಡಿನ ಮಳೆಗಾಲಗಳನ್ನು ಅಟ್ಟದಲ್ಲೇ ಕಳೆದದ್ದರಿಂದ ಆ ಪಟ್ಟಿಗಳು ಮಂಕಾಗಿ, ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿಗೆ ಒರೆಸಿದೆ. ನಾಲ್ಕನೇ ಸಲಕ್ಕೆ ಬಟ್ಟೆ ಕಪ್ಪಾಗುವುದು ನಿಂತಿತು, ಪಟ್ಟಿಗಳು ಹೊಳೆದವು. ಮರಳು ಕಾಗದ ಮುಟ್ಟಿಸಬೇಡಿ, ಲೇಪನ ತೆಳ್ಳಗಿರುತ್ತದೆ. ಒರೆಸಿದ ಮೇಲೆ ಚೆನ್ನಾಗಿ ಆರಲು ಬಿಡಿ.

ಮೋಡೆಮ್ ಸಿಕ್ಕಿಸುವುದೂ ಕೀಳುವುದೂ ಸ್ವಿಚ್ ಆಫ್ ಆಗಿರುವಾಗ ಮಾತ್ರ. ಈ ಪೋರ್ಟಿನಲ್ಲಿ 9 ವೋಲ್ಟ್ ಎಸಿ ಕೂಡ ಹೊರಗೆ ಬರುತ್ತದೆ. ತಲೆಕೆಳಗಾಗಿ ಕೂರಿಸಿದರೆ ಅದು ಹೋಗಬಾರದ ತಂತಿಗೆ ಹೋಗಿ ಮೋಡೆಮ್ಮನ್ನೂ, ಪೋರ್ಟನ್ನು ನೋಡಿಕೊಳ್ಳುವ 6526 ಚಿಪ್ಪನ್ನೂ ಸುಡಬಹುದು. ಮೋಡೆಮ್ಮಿನ ಮೇಲ್ಭಾಗಕ್ಕೆ ಬಿಳಿ ಟೇಪ್ ಅಂಟಿಸಿ ‘ಮೇಲೆ’ ಎಂದು ಬರೆದಿಡಿ.

ಬೆಸುಗೆ ಹಿಡಿದು ಅಭ್ಯಾಸ ಇರುವವರು ಮೋಡೆಮ್ಮನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಇಎಸ್‌ಪಿ8266 ಬೋರ್ಡು, ಲೆವೆಲ್ ಶಿಫ್ಟರ್ ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತವೆ. ಲೆವೆಲ್ ಶಿಫ್ಟರ್ ಬೇಕೇ ಬೇಕು: ಕಾಮಡೋರ್ 5 ವೋಲ್ಟಿನಲ್ಲಿ ಮಾತಾಡುತ್ತದೆ, ವೈಫೈ ಚಿಪ್ 3.3 ವೋಲ್ಟಿನಲ್ಲಿ. ಕಾಮಡೋರ್ ಕಳಿಸುವ ತಂತಿ ಎಂ ಪಿನ್. ಪಡೆಯುವ ತಂತಿ ಬಿ ಮತ್ತು ಸಿ, ಎರಡನ್ನೂ ಒಟ್ಟಿಗೆ ಸೇರಿಸಬೇಕು. ಗ್ರೌಂಡ್ ಎನ್. ಹಳೇ ಪಿಸಿಯ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲ್ಲನ್ನು ಯಾವತ್ತೂ ನೇರವಾಗಿ ಇಲ್ಲಿಗೆ ತರಬೇಡಿ, ಅದರ ವೋಲ್ಟೇಜೇ ಬೇರೆ.

ಪೋರ್ಟಿನ 5 ವೋಲ್ಟ್ ಪಿನ್ನಿಗೆ ಹೇಳಿರುವ ಮಿತಿ 100 ಮಿಲಿಆಂಪ್. ವೈಫೈ ಚಿಪ್ ಸಿಗ್ನಲ್ ಕಳಿಸುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಬಹಳ ಜನ ಹಾಗೇ ನಡೆಸುತ್ತಾರೆ. ನಾನು ಯುಎಸ್‌ಬಿ ಚಾರ್ಜರಿನಿಂದ ಬೇರೆ ಕರೆಂಟು ಕೊಟ್ಟಿದ್ದೇನೆ. ಆದರೆ ಕಾಮಡೋರ್ ಆಫ್ ಇದ್ದು ಮೋಡೆಮ್ ಮಾತ್ರ ಆನ್ ಇದ್ದರೆ ಕರೆಂಟು ಸಿಗ್ನಲ್ ತಂತಿಯಿಂದ ಹಿಂದಕ್ಕೆ ನುಗ್ಗುತ್ತದೆ. ಅದಕ್ಕೇ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಒಂದೇ ಸ್ವಿಚ್ಚಿನಲ್ಲಿ ಹೊತ್ತಿಸಿ ಆರಿಸುತ್ತೇನೆ.

ಟರ್ಮಿನಲ್ ಪ್ರೋಗ್ರಾಮ್

ಮೋಡೆಮ್ ಜತೆ ಮಾತಾಡಲು ಕಾಮಡೋರಿನಲ್ಲಿ ಒಂದು ಟರ್ಮಿನಲ್ ಪ್ರೋಗ್ರಾಮ್ ಬೇಕು. ಹೆಚ್ಚಿನವರು ಬಳಸುವುದು ಸಿಸಿಜಿಎಂಎಸ್. 1541 ಫ್ಲಾಪಿ ಡ್ರೈವ್ ಇನ್ನೂ ಜೀವಂತ ಇದ್ದರೆ ಸರಿ, ಇಲ್ಲದಿದ್ದರೆ ಎಸ್‌ಡಿ2ಐಇಸಿ ಎಂಬ ಪುಟ್ಟ ಬೋರ್ಡು ತರಿಸಿಕೊಳ್ಳಿ. ಎಸ್‌ಡಿ ಕಾರ್ಡನ್ನು ಅದು ಕಾಮಡೋರಿಗೆ ಫ್ಲಾಪಿಯೆಂಬಂತೆ ತೋರಿಸುತ್ತದೆ. ಸೆಟ್ಟಿಂಗಿನಲ್ಲಿ ಮೋಡೆಮ್ ಬಗೆಯನ್ನು ಯೂಸರ್ ಪೋರ್ಟ್ ಎಂದು, ವೇಗವನ್ನು 1200 ಎಂದು ಇಟ್ಟುಕೊಳ್ಳಿ. 9600 ಆಮೇಲೆ ನೋಡೋಣ. ಅದಕ್ಕೆ ಮೋಡೆಮ್ಮಿನಲ್ಲಿ ಇನ್ನೂ ಕೆಲವು ತಂತಿಗಳ ಜೋಡಣೆ ಇರಬೇಕು.

ಎರಡೂ ಇಲ್ಲದಿದ್ದರೆ ಯಂತ್ರದೊಳಗೇ ಇರುವ ಬೇಸಿಕ್ ಭಾಷೆಯಲ್ಲಿ ನಾಲ್ಕೇ ಸಾಲಿನ ಟರ್ಮಿನಲ್ ಬರೆಯಬಹುದು. ಮೊದಲ ಸಾಲು 2ನೇ ಡಿವೈಸನ್ನು ತೆರೆಯುತ್ತದೆ, ಜತೆಗೆ ವೇಗದ ಅಂಕಿ ಕೊಡಬೇಕು: 300 ಬಾಡಿಗೆ 6, 1200ಕ್ಕೆ 8. ಎರಡನೆಯದು ಮೋಡೆಮ್ಮಿನಿಂದ ಬಂದ ಅಕ್ಷರವನ್ನು ಪರದೆಗೆ ಬರೆಯುತ್ತದೆ. ಮೂರನೆಯದು ಕೀಬೋರ್ಡಿನಲ್ಲಿ ಒತ್ತಿದ್ದನ್ನು ಮೋಡೆಮ್ಮಿಗೆ ಕಳಿಸುತ್ತದೆ. ನಾಲ್ಕನೆಯದು ಮತ್ತೆ ಎರಡಕ್ಕೆ ಹೋಗು ಎನ್ನುತ್ತದೆ. ತೆರೆಯುವ ಸಾಲು ಎಲ್ಲಕ್ಕಿಂತ ಮೊದಲೇ ಇರಬೇಕು. ಆ ಗಳಿಗೆಯಲ್ಲಿ ಯಂತ್ರ ತನ್ನ ಮೆಮೊರಿಯ ಮೇಲ್ತುದಿಯಿಂದ 512 ಬೈಟ್ ತೆಗೆದಿಟ್ಟುಕೊಂಡು, ಅದಕ್ಕೂ ಮುಂಚೆ ಇದ್ದ ವೇರಿಯಬಲ್ಲುಗಳನ್ನೆಲ್ಲ ಅಳಿಸಿಹಾಕುತ್ತದೆ.

ವೇಗದ ಅಂದಾಜು ಇರಲಿ. ಒಂದು ಅಕ್ಷರಕ್ಕೆ ಹತ್ತು ಬಿಟ್ ಹಿಡಿಯುತ್ತದೆ, ಪರದೆ 40 ಅಕ್ಷರ ಅಗಲ, 25 ಸಾಲು, ಅಂದರೆ 1000 ಅಕ್ಷರ. 300 ಬಾಡಿನಲ್ಲಿ ಪರದೆ ತುಂಬಲು ಅರ್ಧ ನಿಮಿಷಕ್ಕೂ ಹೆಚ್ಚು, 1200ರಲ್ಲಿ ಎಂಟು ಸೆಕೆಂಡ್. ಓದುವ ಕಣ್ಣಿಗೆ 1200 ಹಿತವಾಗಿದೆ.

ಪ್ರೋಗ್ರಾಮ್ ಓಡಿಸಿ ಎ, ಟಿ ಎರಡೇ ಅಕ್ಷರ ಒತ್ತಿ ರಿಟರ್ನ್ ಕೊಡಿ. ಮೋಡೆಮ್ ಓಕೆ ಎನ್ನಬೇಕು. ಇದು 1981ರಲ್ಲಿ ಹೇಯ್ಸ್ ಕಂಪನಿಯ ಮೋಡೆಮ್ ಕಲಿಸಿದ ಭಾಷೆ, ಇವತ್ತಿನ ಚಿಪ್ಪಿಗೂ ಅರ್ಥವಾಗುತ್ತದೆ. ಬರೀ ಕಸ ಅಕ್ಷರ ಬಂದರೆ ಎರಡೂ ಕಡೆಯ ವೇಗ ಹೊಂದಿಲ್ಲ ಎಂದರ್ಥ. 300, 1200, 2400 ಮೂರನ್ನೂ ನೋಡಿ. ಏನೂ ಬರದಿದ್ದರೆ ಆಫ್ ಮಾಡಿ, ಪೋರ್ಟಿನ ಅಂಚನ್ನು ಇನ್ನೊಮ್ಮೆ ಒರೆಸಿ.

ರೂಟರಿನ ಕಡೆ

ಇಎಸ್‌ಪಿ8266 ಚಿಪ್ಪಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ಭದ್ರತೆ ಡಬ್ಲ್ಯೂಪಿಎ2 ಇಡಿ. ಡಬ್ಲ್ಯೂಪಿಎ3 ಮಾತ್ರ ಎಂದು ಇಟ್ಟರೆ ಸೇರದೇ ಹೋಗಬಹುದು.

ಇಷ್ಟೆಲ್ಲ ಸರಿ ಮಾಡಿಯೂ ನಾನು ಎರಡು ಸಂಜೆ ಕಳೆದೆ. ಹತ್ತಿರದ ನೆಟ್‌ವರ್ಕುಗಳ ಪಟ್ಟಿ ಬರುತ್ತಿತ್ತು, ನಮ್ಮ ಮನೆಯದೂ ಅದರಲ್ಲಿ ಇತ್ತು. ಪಾಸ್‌ವರ್ಡ್ ಕೊಟ್ಟರೆ ಎರರ್. ಒಂದೊಂದೇ ಕೀ ಒತ್ತಿ, ಹೆಂಡತಿಯ ಕೈಲಿ ಓದಿಸಿ, ಮತ್ತೆ ಒತ್ತಿದರೂ ಎರರ್. ಮೂರನೇ ಸಂಜೆ ಅಕ್ಷರಗಳ ಕೋಡ್ ಪಟ್ಟಿ ತೆಗೆದು ಕೂತಾಗ ತಿಳಿಯಿತು. ಬೇರೆ ಕಂಪ್ಯೂಟರುಗಳೆಲ್ಲ ಬಳಸುವ ಆಸ್ಕಿ ಪಟ್ಟಿಯಲ್ಲಿ 65 ಎಂದರೆ ಇಂಗ್ಲಿಷಿನ ದೊಡ್ಡ ಎ, 97 ಎಂದರೆ ಚಿಕ್ಕ ಎ. ಕಾಮಡೋರಿನದು ಪೆಟ್‌ಸ್ಕಿ ಎಂಬ ತನ್ನದೇ ಪಟ್ಟಿ. ಅಲ್ಲಿ ಶಿಫ್ಟ್ ಇಲ್ಲದೆ ಒತ್ತಿದ ಎ ಕೀ 65 ಕಳಿಸುತ್ತದೆ. ನಾನು ಚಿಕ್ಕ ಅಕ್ಷರ ಒತ್ತಿದರೆ ರೂಟರಿಗೆ ದೊಡ್ಡದು ಹೋಗುತ್ತಿತ್ತು. ಮೋಡೆಮ್ಮಿನ ಕೆಲವು ಫರ್ಮ್‌ವೇರುಗಳು (ಚಿಪ್ಪಿನೊಳಗೆ ಓಡುವ ಪ್ರೋಗ್ರಾಮುಗಳು) ಇದನ್ನು ತಾವೇ ತಿದ್ದಿಕೊಳ್ಳುತ್ತವೆ, ಕೆಲವು ಇಲ್ಲ.

ಟರ್ಮಿನಲ್ಲನ್ನು ಆಸ್ಕಿ ಮೋಡಿಗೆ ಬದಲಿಸಿಕೊಂಡರೆ ಇದು ಸರಿಹೋಗುತ್ತದೆ. ಅದಕ್ಕಿಂತ ಗಟ್ಟಿ ಉಪಾಯ: ಅಂಕಿಗಳ ಕೋಡ್ ಎರಡೂ ಪಟ್ಟಿಯಲ್ಲಿ ಒಂದೇ. ಹಾಗಾಗಿ ಕಾಮಡೋರಿಗೆಂದೇ ಬೇರೆ ವೈಫೈ ಹೆಸರು ಮಾಡಿ, ಹೆಸರೂ ಪಾಸ್‌ವರ್ಡೂ ಬರೀ ಅಂಕಿಗಳಲ್ಲೇ ಇರಲಿ. ಅಂಕಿ ಮಾತ್ರ ಇರುವುದರಿಂದ ಇಪ್ಪತ್ತಕ್ಕೆ ಕಡಿಮೆ ಬೇಡ. ಫೋನ್ ನಂಬರ್, ಹುಟ್ಟಿದ ದಿನ ಹಾಕಬೇಡಿ.

ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಇದೆಯಲ್ಲ, ಅದನ್ನೇ ಕೊಡಬಹುದೇ? ಹೊರಗಿನ ಇಂಟರ್ನೆಟ್ಟಿಗೆ ಮಾತ್ರವಾದರೆ ಕೊಡಬಹುದು. ಆದರೆ ಗೆಸ್ಟ್‌ನಲ್ಲಿರುವ ಯಂತ್ರಕ್ಕೆ ಸಾಮಾನ್ಯವಾಗಿ ಮನೆಯ ಬೇರೆ ಕಂಪ್ಯೂಟರುಗಳು ಸಿಗುವುದಿಲ್ಲ, ಮುಂದಿನ ಹೆಜ್ಜೆಗೆ ಅವು ಬೇಕು. ನಾನು ಮೂಲೆಗೆ ಬಿದ್ದಿದ್ದ ಹಳೇ ರೂಟರನ್ನು ಹೊಸ ರೂಟರಿನ ಹಿಂದೆ ಕೇಬಲ್ಲಿನಿಂದ ಜೋಡಿಸಿದೆ. ಹೊಸದರ ವಿಳಾಸಗಳು 192.168.1ರಿಂದ ಶುರುವಾದರೆ ಹಳೆಯದಕ್ಕೆ 192.168.2 ಕೊಡಿ, ಒಂದೇ ಆದರೆ ಎರಡಕ್ಕೂ ಗೊಂದಲ. ಹಳೇ ರೂಟರಿಗೆ ಸೇರಿದ ಕಾಮಡೋರಿಗೆ ಹೊಸ ರೂಟರಿನ ಕಡೆಯ ಕಂಪ್ಯೂಟರೂ ಸಿಗುತ್ತದೆ, ಹೊರ ಜಗತ್ತೂ ಸಿಗುತ್ತದೆ. ಸೇರಿಕೊಂಡ ಮೇಲೆ ಸೆಟ್ಟಿಂಗನ್ನು ಮೋಡೆಮ್ಮಿನಲ್ಲೇ ಉಳಿಸಿಡುವ ಆಜ್ಞೆ ಕೊಡುವುದು ಮರೆಯಬೇಡಿ. ಇಲ್ಲದಿದ್ದರೆ ಪ್ರತಿ ಸಲ ಇಪ್ಪತ್ತು ಅಂಕಿ ಒತ್ತಬೇಕು.

ಮೊದಲ ಕರೆ ಮನೆಯೊಳಗೇ

ಎಲ್ಲರೂ ಇಲ್ಲಿ ಅವಸರ ಮಾಡಿ ಹೊರಗಿನ ಯಾವುದಾದರೂ ಜಾಗಕ್ಕೆ ಡಯಲ್ ಮಾಡುತ್ತಾರೆ. ಉತ್ತರ ಬರದಿದ್ದರೆ ತಪ್ಪು ತಮ್ಮ ತಂತಿಯದೋ, ರೂಟರಿನದೋ, ಆ ಕಡೆಯವರದೋ ತಿಳಿಯುವುದಿಲ್ಲ. ಮೊದಲ ಕರೆ ಪಕ್ಕದ ಕೋಣೆಗೆ ಹೋಗಲಿ.

ರಾಸ್ಪ್‌ಬೆರ‍್ರಿ ಪೈ ಅಥವಾ ಲ್ಯಾಪ್‌ಟಾಪಿನಲ್ಲಿ ನೆಟ್‌ಕ್ಯಾಟ್ ಎಂಬ ಸಣ್ಣ ಪ್ರೋಗ್ರಾಮನ್ನು 6400ನೇ ಪೋರ್ಟಿನಲ್ಲಿ ಕಾಯಲು ಹಚ್ಚಿ (ಈ ಪೋರ್ಟ್ ಹಿಂಬದಿಯ ಸೀಳಲ್ಲ, ನೆಟ್‌ವರ್ಕಿನ ಬಾಗಿಲ ಸಂಖ್ಯೆ). ಆ ಯಂತ್ರದ ವಿಳಾಸ 192.168.1.50 ಎಂದುಕೊಳ್ಳಿ, ದಿನಾ ಬದಲಾಗದಂತೆ ರೂಟರಿನಲ್ಲಿ ಅದನ್ನು ಕಾಯಂ ಮಾಡಿಡಿ. ಕಾಮಡೋರಿನಲ್ಲಿ ಎಟಿಡಿಟಿ ಎಂದು ಒತ್ತಿ, ವಿಳಾಸ, ಕೋಲನ್, ಪೋರ್ಟ್ ಸಂಖ್ಯೆ ಕೊಡಿ. ಕನೆಕ್ಟ್ ಎಂದು ಬಂದರೆ ಕೆಲಸ ಆಯಿತು. ಇಲ್ಲಿ ಒತ್ತಿದ್ದು ಅಲ್ಲಿ, ಅಲ್ಲಿ ಬರೆದದ್ದು ಇಲ್ಲಿ.

ನಮ್ಮಲ್ಲಿ ಆ ಕಡೆ ಕೂತಿದ್ದು ಮಗಳು. ಇಂಗ್ಲಿಷಿನಲ್ಲಿ ನಾಲ್ಕು ಮಾತಾದ ಮೇಲೆ ಕನ್ನಡದಲ್ಲಿ ‘ಕನ್ನಡ’ ಎಂದೇ ಬರೆದು ಕಳಿಸಿದಳು. ನಾನು ಆ ಹೊತ್ತಿಗೆ ಬೇಸಿಕ್‌ನ ನಾಲ್ಕು ಸಾಲಿನ ಟರ್ಮಿನಲ್ ಓಡಿಸುತ್ತಿದ್ದೆ. ಪರದೆಯ ಮೇಲೆ ಗೀಟು, ಚೌಕಗಳು ಮೂಡಿದವು, ಬರವಣಿಗೆಯ ಬಣ್ಣ ಕಂದಾಯಿತು, ಪದದ ನಡುವೆ ಸಾಲು ಮುರಿದು ಕರ್ಸರ್ ಕೆಳಗಿಳಿಯಿತು. ಆಮೇಲೆ ‘ಓದು’ ಎಂದು ಕಳಿಸಿದಳು. ಇಡೀ ಪರದೆ ಅಳಿಸಿಹೋಯಿತು.

ಯಂತ್ರ ಕೆಟ್ಟಿರಲಿಲ್ಲ. ಕನ್ನಡದ ಒಂದೊಂದು ಅಕ್ಷರವೂ ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟಾಗಿ ಹೊರಡುತ್ತದೆ. ‘ಕ’ದ ಮೂರನೇ ಬೈಟು 149. ಕಾಮಡೋರಿನ ಪಟ್ಟಿಯಲ್ಲಿ 149 ಎಂದರೆ ಬಣ್ಣ ಕಂದು ಮಾಡು ಎಂಬ ಆಜ್ಞೆ. ಒತ್ತಕ್ಷರಕ್ಕೆ ಬೇಕಾದ ಅರ್ಧಾಕ್ಷರ ಚಿಹ್ನೆಯ ಮೂರನೇ ಬೈಟು 141, ಅದು ಶಿಫ್ಟ್ ರಿಟರ್ನ್, ಹೊಸ ಸಾಲು. ‘ಓ’ದ ಮೂರನೆಯದು 147: ಪರದೆ ಅಳಿಸು. ಆ ರಾತ್ರಿ ನಾವಿಬ್ಬರೂ ಕೂತು ಇಡೀ ವರ್ಣಮಾಲೆ ಕಳಿಸಿ ನೋಡಿದೆವು. ‘ಚ’ಕ್ಕೆ ತಿಳಿನೀಲಿ, ‘ಜ’ಕ್ಕೆ ನೇರಳೆ, ‘ಞ’ಕ್ಕೆ ಹಳದಿ, ‘ಝ’ ಬಂದರೆ ಕರ್ಸರ್ ಒಂದು ಹೆಜ್ಜೆ ಹಿಂದಕ್ಕೆ. ಅವಳು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದುಕೊಂಡಿದ್ದಾಳೆ. ಸದ್ಯಕ್ಕೆ ಕನ್ನಡ ಬರುವ ಕಡತಗಳನ್ನು ಪೈಯಲ್ಲೇ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ ಕಳಿಸುತ್ತೇವೆ. ಕಾಮಡೋರಿನ ಅಕ್ಷರ ಕೂರುವುದು ಎಂಟಕ್ಕೆ ಎಂಟು ಚುಕ್ಕೆಯ ಮನೆಯಲ್ಲಿ, ಅದರಲ್ಲಿ ‘ಕ್ಷ್ಮೀ’ ಹಿಡಿಸುವುದು ದೊಡ್ಡ ಕೆಲಸ.

ಹೊರಗೆ ಹೋಗುವಾಗ

ಮನೆಯೊಳಗಿನ ಕರೆ ಸರಿಯಾಗಿ ನಡೆಯಿತು ಎಂದಾದರೆ ಬುಲೆಟಿನ್ ಬೋರ್ಡುಗಳಿಗೆ, ಅಂದರೆ ಕರೆ ಮಾಡಿದವರು ಸಂದೇಶ ಬರೆದು ಓದುವ ಕಂಪ್ಯೂಟರುಗಳಿಗೆ, ಡಯಲ್ ಮಾಡಿ. 1978ರಲ್ಲಿ ಷಿಕಾಗೋದಲ್ಲಿ ಶುರುವಾದ ಈ ಪದ್ಧತಿ ಫೋನ್ ಲೈನ್ ಬಿಟ್ಟು ಈಗ ಟೆಲ್ನೆಟ್ ಎಂಬ ಇಂಟರ್ನೆಟ್ಟಿನ ಹಳೇ ಸಂಪರ್ಕ ಪದ್ಧತಿಯ ಮೂಲಕ ನಡೆಯುತ್ತಿದೆ. ಪೆಟ್‌ಸ್ಕಿಯಲ್ಲೇ ಬಣ್ಣಬಣ್ಣದ ಚಿತ್ರ ಬಿಡಿಸಿಟ್ಟ ಬೋರ್ಡುಗಳನ್ನು ಕಾಮಡೋರಿನಲ್ಲೇ ನೋಡಬೇಕು. ಟೆಲ್ನೆಟ್‌ನಲ್ಲಿ ಒತ್ತಿದ ಪ್ರತಿ ಅಕ್ಷರವೂ ಗುಟ್ಟಿಲ್ಲದೆ ಹೋಗುತ್ತದೆ, ಹಾಗಾಗಿ ಬೇರೆಲ್ಲೂ ಬಳಸದ ಪಾಸ್‌ವರ್ಡನ್ನೇ ಅಲ್ಲಿ ಕೊಡಿ. ರೂಟರಿನಲ್ಲಿ ಕಾಮಡೋರಿಗೆಂದು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನವರ ಕರೆಯನ್ನು ಒಳಗೆ ಬಿಡುವ ಸೆಟ್ಟಿಂಗ್) ತೆರೆಯಬೇಡಿ. ಹೊರಗೆ ಕರೆ ಮಾಡಲು ಅದು ಬೇಕಾಗಿಯೂ ಇಲ್ಲ.

ಇಂದಿನ ವೆಬ್‌ಸೈಟುಗಳು ನೇರವಾಗಿ ತೆರೆಯುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ಗುಪ್ತಲಿಪಿಯ ಸಂಪರ್ಕ ಕೇಳುತ್ತವೆ, ಆ ಲೆಕ್ಕ 1 ಮೆಗಾಹರ್ಟ್ಸ್ ಪ್ರೊಸೆಸರಿಗೆ ಹೊರಲಾರದ ಹೊರೆ. ಅದಕ್ಕೆ ಪೈಯನ್ನು ನಡುವೆ ನಿಲ್ಲಿಸಿ: ಕಾಮಡೋರ್ ಪೈಗೆ ಕರೆ ಮಾಡುತ್ತದೆ, ಪೈಯಲ್ಲಿ ಲಿಂಕ್ಸ್ ಎಂಬ ಅಕ್ಷರಗಳ ಬ್ರೌಸರ್ ಪುಟ ತೆರೆದು 40 ಅಕ್ಷರ ಅಗಲಕ್ಕೆ ಕೂಡಿಸಿ ಕೊಡುತ್ತದೆ. ಆ ಲಾಗಿನ್‌ಗೆ ಯಾವ ಅಧಿಕಾರವೂ ಇಲ್ಲದ ಪ್ರತ್ಯೇಕ ಖಾತೆ ಮಾಡಿ.

ಕಾರ್ಟ್ರಿಜ್ ಪೋರ್ಟಿಗೆ ಕೂರುವ ಈಥರ್ನೆಟ್ ಕಾರ್ಡುಗಳೂ ಇವೆ. ಆ ದಾರಿಯಲ್ಲಿ ನೆಟ್‌ವರ್ಕಿನ ಲೆಕ್ಕವನ್ನೆಲ್ಲ ಕಾಮಡೋರೇ ಮಾಡಬೇಕು. ಸ್ವೀಡನ್ನಿನ ಆಡಮ್ ಡಂಕೆಲ್ಸ್ ಬರೆದ ಕಾಂಟಿಕಿ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಅದನ್ನು ಮಾಡಿ ತೋರಿಸಿದೆ. ವೇಗವೂ ಹೆಚ್ಚು. ಆದರೆ ಮೊದಲ ಸಲಕ್ಕೆ ನಾನು ಮೋಡೆಮ್ಮನ್ನೇ ಹೇಳುತ್ತೇನೆ. ತಪ್ಪಾದರೆ ಎಲ್ಲಿ ತಪ್ಪಿತು ಎಂದು ಪರದೆಯ ಮೇಲೇ ಕಾಣುತ್ತದೆ, ದುಡ್ಡೂ ಕಡಿಮೆ.

ಕೊನೆಗೊಂದು ಸಣ್ಣ ಕೆಲಸ. ಮೋಡೆಮ್ಮಿನ ವೇಗ, ವೈಫೈಯ ಅಂಕಿ ಹೆಸರು, ಪೈಯ ವಿಳಾಸ, 6400, ಉಳಿಸುವ ಆಜ್ಞೆ, ಯಾವ ಪವರ್ ಸಪ್ಲೈ ಬಳಸಬಾರದು ಎಂಬುದು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಯಂತ್ರದ ಅಡಿಗೆ ಅಂಟಿಸಿ. ಮಳೆಗಾಲದಲ್ಲಿ ಬಳಸದೆ ಇಡುವುದಾದರೆ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಇಡಿ. ನಾನು ಚೀಟಿ ಅಂಟಿಸಲು ನಮ್ಮದನ್ನು ಮಗುಚಿದಾಗ ಅಡಿಯಲ್ಲಿ ಆಗಲೇ ಒಂದು ಚೀಟಿ ಇತ್ತು. ದೊಡ್ಡಪ್ಪನ ಅಕ್ಷರ, ಮಾಸಿದ ನೀಲಿ ಶಾಯಿ: ‘ಮೊದಲು ಟಿವಿ ಹಾಕಿ, ಆಮೇಲೆ ಇದು. ಗುಡುಗು ಬಂದರೆ ವೈರ್ ಕೀಳಿ.’ ಅದರ ಪಕ್ಕದಲ್ಲೇ ನನ್ನದನ್ನೂ ಅಂಟಿಸಿದೆ.